ಹಳೆಯ ಸಾಮಾನಿನಿಂದ ಆಳೆತ್ತರದ ಕೋಳಿಮನೆ



ಈ ಪತ್ರಿಕೆಯಲ್ಲಿ ನಾವು ವರ್ಷವಿಡೀ ಬೋರ್ಡೋ ದ್ರಾವಣ, ಕೊಳೆರೋಗ, ಕಾಯಿಕೊರಕ, ಸಾಲದ ಕಂತು ಇಂಥ ವಿಷಯಗಳನ್ನೇ ಬರೆಯುತ್ತ ಬಂದಿದ್ದೇವೆ. ಕೋಳಿಗೂಡಿನ ಬಗ್ಗೆ ಇದುವರೆಗೆ ಒಂದು ಸಾಲನ್ನೂ ಬರೆದಿಲ್ಲ. ಹಾಗೆಂದು ನಮ್ಮ ಸದಸ್ಯರ ಮನೆಗಳಲ್ಲಿ ಕೋಳಿಗಳಿಲ್ಲವೆಂದಲ್ಲ. ಕೋಳಿ ಸಾಕುವುದು ಹೆಂಗಸರ ಕೆಲಸ, ಅದರ ಆದಾಯ ಸಂಘದ ಲೆಕ್ಕಕ್ಕೆ ಬರುವುದಲ್ಲ ಎಂಬ ಉದಾಸೀನದಿಂದ ಬಿಟ್ಟಿದ್ದೆವು. ಈ ಉದಾಸೀನವನ್ನು ನಮ್ಮ ಬೀಗಿತಿಯವರು ಬಿಡಿಸಿದರು.

ನಮ್ಮ ಎರಡನೆಯ ಮಗಳನ್ನು ಕೊಟ್ಟಿರುವುದು ಸಂಡೂರು ತಾಲ್ಲೂಕಿನ ಚೋರನೂರಿಗೆ. ನಮ್ಮ ಮಲೆನಾಡಿಗೂ ಆ ಊರಿಗೂ ಮಳೆ, ಮಣ್ಣು, ಬಿಸಿಲು ಯಾವುದರಲ್ಲೂ ಹೋಲಿಕೆಯಿಲ್ಲ. ಅಲ್ಲಿ ಜೋಳ, ಶೇಂಗಾ, ಮೆಕ್ಕೆಜೋಳದ ಹೊಲಗಳು. ಸಂಡೂರಿನ ಕಡೆಗೆ ಹೋದರೆ ಕಬ್ಬಿಣದ ಅದಿರಿನ ಕೆಂಪು ಗುಡ್ಡಗಳು. ಕಳೆದ ವರ್ಷ ಕಾಫಿ ಕೊಯ್ಲು ಮುಗಿಸಿ ಬೀಗರ ಮನೆಗೆ ಹೋದಾಗ ಅಲ್ಲಿನ ಹಿತ್ತಿಲಲ್ಲಿ ಮಂಡಿಯೆತ್ತರದ ಒಂದು ತಗಡಿನ ಗೂಡು ಖಾಲಿ ಬಿದ್ದಿತ್ತು. ನಾವು ಹೋಗುವ ಎಂಟು ದಿನದ ಹಿಂದೆ ರಾತ್ರಿ ಕಾಡುಬೆಕ್ಕು ಗೂಡಿನ ಬುಡ ಕೆರೆದು ಒಳಹೊಕ್ಕು, 22 ಕೋಳಿಗಳಲ್ಲಿ 14ನ್ನು ಕೊಂದಿತ್ತು. ಬೀಗಿತಿಯವರು ಮೊಟ್ಟೆ ಮತ್ತು ಹುಂಜ ಮಾರಿದ ಹಣದಲ್ಲಿ ತಮ್ಮ ಸ್ತ್ರೀಶಕ್ತಿ ಸಂಘದ ಕಂತು ಕಟ್ಟುವವರು. ಆ ತಿಂಗಳ ಕಂತು ನಿಂತಿತ್ತು. ಅದಕ್ಕಿಂತ ಮಿಗಿಲಾಗಿ, ಗೂಡಿನೊಳಗೆ ಕೈ ಹಾಕಿ, ಬಗ್ಗಿ, ಮಂಡಿಯೂರಿ ಕಸ ತೆಗೆದು ತೆಗೆದು ಅವರ ಸೊಂಟ ಹಿಡಿದುಹೋಗಿತ್ತು.

"ಬೀಗರ, ನಿಮ್ಮ ಪೇಪರಿನಾಗ ಎಲ್ಲಾ ಬರೀತೀರಂತ. ನಿಂತು ಕಸ ಹೊಡಿಯೋವಂಥ ಒಂದು ಕೋಳಿಮನಿ ಹೆಂಗ ಕಟ್ಟೋದು ಅಂತ ಬರದೀರೇನ್ರಿ?" ಎಂದು ಅವರು ಕೇಳಿದರು. ಬರೆದಿರಲಿಲ್ಲವಾದ್ದರಿಂದ ಕಟ್ಟಿಕೊಡುವುದಾಗಿ ಒಪ್ಪಿಕೊಂಡೆವು. ಹೊಸ ಸಾಮಾನು ಕೊಳ್ಳುವಂತಿಲ್ಲ, ಊರಲ್ಲಿ ಮತ್ತು ಮನೆಯಲ್ಲಿ ಬಿದ್ದಿರುವುದರಲ್ಲೇ ಆಗಬೇಕು ಎಂಬುದು ಅವರ ಷರತ್ತು. ಆ ಕೆಲಸದಲ್ಲಿ ಸರಿಯಾದದ್ದನ್ನೂ ನಾವು ಮಾಡಿದ ಒಂದು ದೊಡ್ಡ ತಪ್ಪನ್ನೂ ಇಲ್ಲಿ ಕ್ರಮವಾಗಿ ಬರೆಯುತ್ತೇವೆ. ಮಲೆನಾಡಿನಲ್ಲಿ ಕಟ್ಟುವವರು ಏನನ್ನು ಬದಲಿಸಿಕೊಳ್ಳಬೇಕೆಂಬುದನ್ನೂ ಅಲ್ಲಲ್ಲಿ ಹೇಳಿದ್ದೇವೆ.

ಆಳೆತ್ತರ ಏಕೆ ಬೇಕು?

ಗೂಡು ಎತ್ತರವಾಗಿದ್ದರೆ ಸಾಕುವವರಿಗೆ ಅನುಕೂಲವೆಂಬುದು ಒಂದು ಕಾರಣ. ಎರಡನೆಯದು ಅದಕ್ಕಿಂತ ಮುಖ್ಯ. ಒಳಗೆ ಹೋಗಿ ನಿಲ್ಲಲು ಬಾರದ ಗೂಡನ್ನು ಯಾರೂ ಸರಿಯಾಗಿ ನೋಡುವುದಿಲ್ಲ. ಮೂಲೆಯಲ್ಲಿ ಮಂಕಾಗಿ ಕುಳಿತ ಕೋಳಿ, ಒದ್ದೆಯಾದ ನೆಲ, ಬುಡದಲ್ಲಿ ಹೆಗ್ಗಣ ತೋಡಿದ ಬಿಲ ಇವೆಲ್ಲ ಕಣ್ಣಿಗೆ ಬೀಳುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಮೂರನೆಯದು ಗಾಳಿ. ಕೋಳಿಯ ಮೈಯಲ್ಲಿ ಬೆವರಿನ ಗ್ರಂಥಿಗಳಿಲ್ಲ. ಅದರ ಮೈಶಾಖ ಸಹಜವಾಗಿಯೇ ಸುಮಾರು 41 ಡಿಗ್ರಿ ಸೆಲ್ಸಿಯಸ್. ಸೆಖೆಯಾದಾಗ ಬಾಯಿ ತೆರೆದು ತೇಕುವುದೇ ಅದಕ್ಕಿರುವ ಮುಖ್ಯ ದಾರಿ. ಮಂಡಿಯೆತ್ತರದ ತಗಡಿನ ಗೂಡಿನಲ್ಲಿ ಕಾದ ಗಾಳಿ ಕೋಳಿಯ ತಲೆಯ ಮೇಲೆಯೇ ನಿಂತಿರುತ್ತದೆ. ಮಾಡು ಎತ್ತರವಾಗಿದ್ದು ಪಕ್ಕಗಳು ತೆರೆದಿದ್ದರೆ ಅದು ಮೇಲೇರಿ ಹೊರಗೆ ಹೋಗುತ್ತದೆ.

ಅಳತೆ ಮತ್ತು ದಿಕ್ಕು

ಬೀಗಿತಿಯವರಿಗೆ ಬೇಕಾಗಿದ್ದುದು 25 ಕೋಳಿಗಳ ಮನೆ. ನೆಲದ ಮೇಲೆ ಹಾಸು ಹಾಕಿ ಸಾಕುವಾಗ ಒಂದು ಕೋಳಿಗೆ ಎರಡರಿಂದ ಎರಡೂವರೆ ಚದರ ಅಡಿ ಕನಿಷ್ಠ. ಹಗಲು ಹೊರಗೆ ಬಿಡುವ ಕೋಳಿಗಳಿಗೆ ಇದು ಸಾಕು. ಆದರೆ ರೋಗದ ಕಾಲದಲ್ಲೋ ಮಳೆಯಲ್ಲೋ ವಾರಗಟ್ಟಲೆ ಒಳಗೇ ಇಡಬೇಕಾದೀತೆಂದು ನಾವು ಸುಮಾರು ನಾಲ್ಕು ಚದರ ಅಡಿಯ ಲೆಕ್ಕ ಹಿಡಿದೆವು. ಹೀಗೆ 12 ಅಡಿ ಉದ್ದ, 8 ಅಡಿ ಅಗಲದ ಮನೆ ನಿಶ್ಚಯವಾಯಿತು.

ಉದ್ದದ ಗೋಡೆಗಳು ಉತ್ತರಕ್ಕೂ ದಕ್ಷಿಣಕ್ಕೂ, ಗಿಡ್ಡ ಗೋಡೆಗಳು ಪೂರ್ವಕ್ಕೂ ಪಶ್ಚಿಮಕ್ಕೂ ಬರುವಂತೆ ಕಟ್ಟತಕ್ಕದ್ದು. ನಮ್ಮ ಸೀಮೆಯಲ್ಲಿ ಬೇಸಿಗೆಯ ನಡುಹಗಲಿನ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತಾನೆ. ಆ ಬಿಸಿಲನ್ನು ಮಾಡು ತಡೆಯುತ್ತದೆ. ಓರೆಯಾಗಿ ಒಳನುಗ್ಗುವುದು ಬೆಳಗಿನ ಮತ್ತು ಸಂಜೆಯ ಬಿಸಿಲು. ಅದರ ಎದುರಿಗೆ ಗಿಡ್ಡ ಗೋಡೆಗಳಿದ್ದರೆ ಒಳಗೆ ಬೀಳುವ ಬಿಸಿಲು ಕಡಿಮೆ. ಸಂಜೆಯ ಬಿಸಿಲು ಎಲ್ಲಕ್ಕಿಂತ ಕೆಟ್ಟದ್ದು. ಏಕೆಂದರೆ ಆ ಹೊತ್ತಿಗೆ ನೆಲ, ಕಲ್ಲು, ತಗಡು ಎಲ್ಲವೂ ಕಾದಿರುತ್ತವೆ.

ಮಾಡು ಉತ್ತರಕ್ಕೆ 8 ಅಡಿ, ದಕ್ಷಿಣಕ್ಕೆ ಆರೂವರೆ ಅಡಿ. ಅಂದರೆ ಇಳಿಜಾರು ದಕ್ಷಿಣಕ್ಕೆ. ಮುಂಗಾರಿನ ಗಾಳಿಮಳೆ ಬರುವುದು ನೈಋತ್ಯದಿಂದ. ತಗ್ಗಾದ ಕಡೆಯೇ ಆ ದಿಕ್ಕಿಗಿದ್ದರೆ ಎರಚಲು ಕಡಿಮೆಯಾಗುತ್ತದೆ. ಚಳಿಗಾಲದಲ್ಲಿ ದಕ್ಷಿಣಕ್ಕೆ ಓಲಿದ ಬಿಸಿಲಿಗೂ ತುಸು ಮರೆಯಾಗುತ್ತದೆ.

ಮಲೆನಾಡಿನವರಿಗೆ ಈ ಒಂದೇ ಇಳಿಜಾರು ಸಾಲದು. ಮಂಗಳೂರು ಹೆಂಚು ಹೊದಿಸುವುದಾದರೆ ಎರಡು ಇಳಿಜಾರಿನ ಮಾಡು ಬೇಕು. 8 ಅಡಿ ಅಗಲದ ಮನೆಗೆ ನಡುತೊಲೆ ಸೂರಿಗಿಂತ ಎರಡೂವರೆ ಅಡಿಯಾದರೂ ಮೇಲಿರಬೇಕು. ಸೂರು ಗೋಡೆಯಿಂದ ಮೂರು ಅಡಿ ಹೊರಚಾಚಿರಲಿ. ಚೋರನೂರಿನಲ್ಲಿ ದಕ್ಷಿಣಕ್ಕೆ ಎರಡಡಿ, ಉತ್ತರಕ್ಕೆ ಒಂದಡಿ ಸಾಕಾಯಿತು.

ಸಾಮಾನು ಕೂಡಿಸಿದ್ದು

ಬಯಲುಸೀಮೆಯ ರೈತರ ಮನೆಯ ಹಿಂದೆ ತಪ್ಪದೆ ಸಿಗುವ ವಸ್ತುವೊಂದಿದೆ. ಬತ್ತಿಹೋದ ಕೊಳವೆಬಾವಿಯಿಂದ ಮೇಲೆತ್ತಿದ ಕಬ್ಬಿಣದ ಪೈಪುಗಳು. ಬೀಗರ ಕಣದಲ್ಲಿ 20 ಅಡಿಯ ಪೈಪುಗಳ ರಾಶಿಯೇ ಇತ್ತು. ನಾಲ್ಕು ಪೈಪುಗಳನ್ನು ಕೊಯ್ದು ಎಂಟು ಕಂಬ ಮಾಡಿದೆವು. ಉತ್ತರದ ಸಾಲಿಗೆ 10 ಅಡಿಯ ಮೂರು, ದಕ್ಷಿಣದ ಸಾಲಿಗೆ ಎಂಟೂವರೆ ಅಡಿಯ ಮೂರು, ಬಾಗಿಲ ಎರಡೂ ಪಕ್ಕಕ್ಕೆ 9 ಅಡಿಯ ಎರಡು. ಎಲ್ಲವೂ ನೆಲದೊಳಗೆ ಎರಡಡಿ ಹೋದವು. ಗುಂಡಿಗೆ ಕಲ್ಲುಚೂರು ತುಂಬಿ ಗಟ್ಟಿಯಾಗಿ ಬಡಿದು ಮೇಲೆ ಒಂದು ಬಾಂಡ್ಲಿ ಕಾಂಕ್ರೀಟು ಹಾಕಿದೆವು. ಪೈಪಿನ ಮೇಲ್ಬಾಯಿಯನ್ನು ಮರದ ಬೆಣೆಯಿಂದ ಮುಚ್ಚುವುದನ್ನು ಮರೆಯಬಾರದು. ತೆರೆದಿಟ್ಟರೆ ಮಳೆನೀರು ನಿಂತು ತುಕ್ಕು ಹಿಡಿಯುತ್ತದೆ, ಕಣಜಗಳೂ ಗೂಡು ಕಟ್ಟುತ್ತವೆ.

ಮಾಡಿಗೆ, ಹಳೆಯ ದನದ ಕೊಟ್ಟಿಗೆಯಿಂದ ಬಿಚ್ಚಿದ ಆರಡಿಯ 12 ತಗಡುಗಳು ಸಿಕ್ಕವು. ಎರಡು ಸಾಲಾಗಿ, ಮೇಲಿನದು ಕೆಳಗಿನದರ ಮೇಲೆ ಅರ್ಧ ಅಡಿ ಬರುವಂತೆ ಹೊದಿಸಿದೆವು. ಹಳೆಯ ಮೊಳೆತೂತುಗಳನ್ನು ಡಾಂಬರಿನಲ್ಲಿ ಅದ್ದಿದ ಬಟ್ಟೆಯ ಚೂರಿನಿಂದ ಮುಚ್ಚಿದೆವು. ಹೊಸ ಮೊಳೆಗಳನ್ನು ತಗಡಿನ ಉಬ್ಬಿನ ಮೇಲೆಯೇ ಹೊಡೆಯಬೇಕು, ತಗ್ಗಿನಲ್ಲಿ ಹೊಡೆದರೆ ಸೋರುತ್ತದೆ.

ಬರಿಯ ತಗಡು ಬೇಸಿಗೆಯಲ್ಲಿ ಕೋಳಿಗೆ ಕೆಂಡವೇ ಸರಿ. ಆದ್ದರಿಂದ ಮೇಲೆ ಸುಣ್ಣ ಬಳಿದು, ಅದರ ಮೇಲೆ ಒಂದು ಮೊಳ ದಪ್ಪಕ್ಕೆ ಜೋಳದ ದಂಟು ಹರಡಿ ಹಳೆಯ ಬಲೆಯಿಂದ ಬಿಗಿದೆವು. ಬೆಂಕಿಯ ಭಯದಿಂದ ಇದು ಅಡಿಗೆಮನೆಯ ಹೊಗೆಗೂಡಿಗೆ ದೂರವಿರಬೇಕು. ಮಲೆನಾಡಿನಲ್ಲಿ ಈ ಹೊದಿಕೆ ಬೇಡ. ಮಳೆಗೆ ಕೊಳೆತು ತಗಡನ್ನೇ ತಿಂದುಹಾಕುತ್ತದೆ.

ಕೆಳಗೋಡೆಗೆ ಆ ಕಡೆ ಧಾರಾಳವಾಗಿ ಸಿಗುವ ಕಲ್ಲು. ಮೂರು ಕಡೆಯೂ ಒಂದೂವರೆ ಅಡಿ ಎತ್ತರ ಕಟ್ಟಿದೆವು. ಪಶ್ಚಿಮಕ್ಕೆ ಮಾತ್ರ ಐದಡಿ ಚಪ್ಪಡಿ ನಿಲ್ಲಿಸಿ, ಅದರ ಹೊರಗೆ ಒಂದು ಗೇಣು ಸಂದು ಬಿಟ್ಟು ದಂಟಿನ ತಡಿಕೆ ಕಟ್ಟಿದೆವು. ಈ ತಡಿಕೆ ಇಲ್ಲದಿದ್ದರೆ ಸಂಜೆಯ ಬಿಸಿಲಿಗೆ ಕಾದ ಚಪ್ಪಡಿ ರಾತ್ರಿಯೆಲ್ಲಾ ಶಾಖ ಬಿಡುತ್ತಲೇ ಇರುತ್ತದೆ.

ಬಾಗಿಲಿಗೆ ಹಳೆಯ ಮನೆಯ ಕಿಟಕಿಯ ಚೌಕಟ್ಟುಗಳೆರಡನ್ನು ಒಂದರ ಮೇಲೊಂದು ಜೋಡಿಸಿದೆವು. ಹೊಸಲನ್ನು ಒಂದಡಿ ಎತ್ತರಿಸಿ, ಬಾಗಿಲು ಹೊರಗೆ ತೆರೆಯುವಂತೆ ಮಾಡಿದೆವು. ಒಳಗೆ ತೆರೆಯುವ ಬಾಗಿಲಾದರೆ ನೆಲದ ಹಾಸು ಅಡ್ಡವಾಗಿ ಎಂಟೇ ದಿನಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ. ಚಿಲಕ ಮೇಲೊಂದು, ಕೆಳಗೊಂದು. ಒಂದೇ ಚಿಲಕವಿದ್ದರೆ ನಾಯಿ ಕೆಳಮೂಲೆಯನ್ನು ತಳ್ಳಿ ಸಂದು ಮಾಡಿಕೊಳ್ಳುತ್ತದೆ.

2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆಮೇಲೆ ಕೆಲವು ಗಣಿಗಳು ಮತ್ತೆ ಆರಂಭವಾದವು. ಗಣಿಯ ಸೀಮೆಯಾದ್ದರಿಂದ ಆ ಕಡೆಯ ಗುಜರಿ ಅಂಗಡಿಗಳಲ್ಲಿ ಸವೆದ ರಬ್ಬರಿನ ಕನ್ವೇಯರ್ ಪಟ್ಟಿ, ಲಾರಿಯ ತಾಡಪಾಲು, ಕಬ್ಬಿಣದ ಕೋನಪಟ್ಟಿ ಮುಂತಾದವು ಸಿಗುತ್ತವೆ. ನಾವು ತಾಡಪಾಲು ಒಂದನ್ನು ತಂದು ಮಳೆಯ ದಿಕ್ಕಿಗೆ ಪರದೆಯಾಗಿ ಬಳಸಿದೆವು. ಗುಜರಿಯಿಂದ ಏನೇ ತಂದರೂ ರಸೀದಿ ಪಡೆಯಿರಿ. ಕಳವಿನ ಮಾಲು ಬಂದು ನಮ್ಮ ಕೋಳಿಗೂಡಿನಲ್ಲಿ ಸಿಕ್ಕಿತೆಂಬ ಮಾತು ಬರಬಾರದು.

ಹೊಸದಾಗಿಯೇ ಕೊಳ್ಳಬೇಕಾದದ್ದು

ಜಾಲರಿಯ ವಿಷಯದಲ್ಲಿ ಮಾತ್ರ ಹಳೆಯದು ಬೇಡವೆಂದು ನಾವು ಪಟ್ಟು ಹಿಡಿದೆವು. ಅಂಗಡಿಯಲ್ಲಿ ಕೋಳಿ ಜಾಲರಿ ಎಂದು ಕೊಡುವ ಆರು ಮೂಲೆಯ ತೆಳುಜಾಲರಿ ಕೋಳಿಯನ್ನು ಒಳಗಿಡಬಲ್ಲದೇ ಹೊರತು ಶತ್ರುವನ್ನು ಹೊರಗಿಡಲಾರದು. ನಾಯಿ ಅದನ್ನು ಹರಿಯುತ್ತದೆ, ಹೆಗ್ಗಣ ಕಡಿಯುತ್ತದೆ, ಮುಂಗುಸಿ ಸಡಿಲವಾದ ಅಂಚಿನಲ್ಲಿ ನುಸುಳುತ್ತದೆ. ಆದ್ದರಿಂದ ಕೆಳಗೋಡೆಯ ಮೇಲೆ ಮೊದಲ ಮೂರಡಿಗೆ ಅರ್ಧ ಅಂಗುಲದ ವೆಲ್ಡ್ ಜಾಲರಿ, ಅದರ ಮೇಲಕ್ಕೆ ಸೂರಿನವರೆಗೆ ಸಾಮಾನ್ಯ ಕೋಳಿ ಜಾಲರಿ ಹಾಕಿದೆವು. ಮೂರು ಕಡೆ ಸೇರಿ 32 ಅಡಿ ಸುತ್ತಳತೆ. 50 ಅಡಿಯ ಒಂದು ಸುರುಳಿ ಬಾಗಿಲಿಗೂ ಸಾಕಾಗಿ ಮಿಕ್ಕಿತು. ಮಿಕ್ಕಿದ್ದನ್ನು ಪಶ್ಚಿಮದ ಚಪ್ಪಡಿಯ ಮೇಲಿನ ತೆರಪಿಗೆ ಹಾಕಿದೆವು. ಸೂರಿನ ಕೆಳಗೆ, ತಗಡಿನ ಡೊಂಕಿನಲ್ಲಿ ಉಳಿಯುವ ಸಂದುಗಳನ್ನೂ ಮುಚ್ಚಬೇಕು. ಕೇರೆಹಾವು ಬರುವ ದಾರಿ ಅದೇ.

ಕಾಡುಬೆಕ್ಕು ಹಿಂದಿನ ಸಲ ಬಂದದ್ದು ಬುಡ ಕೆರೆದು. ಅದಕ್ಕೆ ಗೋಡೆಯ ಹೊರಗೆ ಸುತ್ತಲೂ ಒಂದೂವರೆ ಅಡಿ ಅಗಲಕ್ಕೆ ಒಡೆದ ಚಪ್ಪಡಿಗಳನ್ನು ನೆಲಕ್ಕೆ ಸಮನಾಗಿ ಹಾಸಿದೆವು. ಕೆರೆಯುವ ಪ್ರಾಣಿ ಗೋಡೆಗೆ ಒತ್ತಿಕೊಂಡೇ ಕೆರೆಯುತ್ತದೆ. ಒಂದೂವರೆ ಅಡಿ ಹಿಂದೆ ಸರಿದು ಸುರಂಗ ತೋಡುವ ಬುದ್ಧಿ ಅದಕ್ಕೆ ಸಾಮಾನ್ಯವಾಗಿ ಹೊಳೆಯುವುದಿಲ್ಲ. ಕಲ್ಲು ಸಿಗದ ಕಡೆ ಜಾಲರಿಯನ್ನೇ ಹೀಗೆ ಹೊರಕ್ಕೆ ಮಡಿಸಿ ಮಣ್ಣು ಮುಚ್ಚಬಹುದು.

ಎಷ್ಟೇ ಪುಕ್ಕಟೆಯಾಗಿ ಸಿಕ್ಕರೂ ತರಬಾರದ್ದು

ನಮ್ಮ ತೋಟಗಳಲ್ಲಿ ಹಳೆಯ ಸಾಮಾನಿಗೆ ಬರವಿಲ್ಲ. ಪಲ್ಪರ್ ಮನೆಯ ತೊಲೆ, ಲೈನ್‌ಮನೆಯ ಹೆಂಚು, ಕಡಿದ ಸಿಲ್ವರ್ ಮರದ ಗಳು, ಅಡಿಕೆ ದಬ್ಬೆ ಎಲ್ಲವೂ ಉಪಯೋಗಕ್ಕೆ ಬರುತ್ತವೆ. ಆದರೆ ಕೆಳಗಿನವನ್ನು ದೂರವಿಡಿ.

ಒಂದು, ಕಲ್ನಾರಿನ ಶೀಟುಗಳು. ಇವನ್ನು ಕೊಯ್ದಾಗ, ತೂತು ಕೊರೆದಾಗ, ಒಡೆದಾಗ ಏಳುವ ಧೂಳು ಶ್ವಾಸಕೋಶಕ್ಕೆ ಹೋದರೆ ಅದರ ಕೆಡುಕು ಹತ್ತಾರು ವರ್ಷಗಳ ಮೇಲೆ ಕಾಣಿಸಿಕೊಳ್ಳುತ್ತದೆ.

ಎರಡು, ಕೀಟನಾಶಕ, ಕಳೆನಾಶಕ, ಮೈಲುತುತ್ತ ತುಂಬಿದ್ದ ಡಬ್ಬ ಮತ್ತು ಪೀಪಾಯಿಗಳು. ಎಷ್ಟು ತೊಳೆದರೂ ಇವು ನೀರಿಗಾಗಲೀ ಮೇವಿಗಾಗಲೀ ಸಲ್ಲವು.

ಮೂರು, ಹಳೆಯ ಬಣ್ಣ ಏಳುತ್ತಿರುವ ಬಾಗಿಲು, ಕಿಟಕಿಗಳು. ಹಿಂದಿನ ಕಾಲದ ಬಣ್ಣಗಳಲ್ಲಿ ಸೀಸವಿರುತ್ತಿತ್ತು. ಕೋಳಿ ಆ ಚಕ್ಕೆಗಳನ್ನು ಕುಟುಕಿ ತಿನ್ನುತ್ತದೆ. ಚೌಕಟ್ಟು ಬೇಕೇಬೇಕಾದರೆ ಬಣ್ಣವಿಲ್ಲದ್ದನ್ನು ಆರಿಸಿ.

ನಾಲ್ಕು, ಡಾಂಬರೆಣ್ಣೆ ಕುಡಿಸಿದ ರೈಲ್ವೆ ಸ್ಲೀಪರುಗಳು ಮತ್ತು ಸುಟ್ಟ ಎಂಜಿನ್ ಎಣ್ಣೆ ಹೀರಿದ ಮರ.

ಐದು, ಹಳೆಯ ಕೋಳಿಗೂಡಿನ ಮರ. ಇದರ ವಿಚಾರ ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ನಾವು ಮಾಡಿದ ತಪ್ಪು

ಕೋಳಿ ರಾತ್ರಿ ಕೂರುವ ಅಡ್ಡಗಳುಗಳಿಗೂ ಮೊಟ್ಟೆಯ ಪೆಟ್ಟಿಗೆಗಳಿಗೂ ಮರ ಬೇಕಾಗಿತ್ತು. ಊರಿನ ಒಂದು ಪಾಳು ಹಿತ್ತಿಲಲ್ಲಿ, ಬಹುಕಾಲದಿಂದ ಕೋಳಿಯಿಲ್ಲದ ಗೂಡೊಂದಿತ್ತು. ಅದರ ಗಳು, ಹಲಗೆಗಳು ಗಟ್ಟಿಯಾಗಿದ್ದವು. "ಬ್ಯಾಡ್ರಿ ಬೀಗರ, ಸತ್ತ ಕೋಳಿ ಗೂಡಿನ ಕಟ್ಟಿಗಿ ತರಬಾರದಂತಾರ" ಎಂದು ಬೀಗಿತಿಯವರು ಹೇಳಿದರು. ಅದನ್ನು ನಾವು ಮೂಢನಂಬಿಕೆಯ ಮಾತೆಂದು ತಿಳಿದೆವು. ವರ್ಷಗಟ್ಟಲೆ ಬಿಸಿಲಿಗೆ ಒಣಗಿದ ಮರದಲ್ಲಿ ಯಾವ ರೋಗ ಉಳಿದೀತು ಎಂದು ಅವರಿಗೆ ಉಪದೇಶವನ್ನೂ ಮಾಡಿದೆವು. ಪದವೀಧರರಾದ ನಮಗೆ ಆಗ ನಮ್ಮ ಮಾತಿನಲ್ಲಿ ಸಂಶಯವೇ ಇರಲಿಲ್ಲ.

ಮಾರ್ಚ್‌ನಲ್ಲಿ ಮನೆ ಮುಗಿಯಿತು. ಕೋಳಿಗಳನ್ನು ಬಿಟ್ಟು ನಾವು ಊರಿಗೆ ಮರಳಿದೆವು. ಮೇ ತಿಂಗಳಲ್ಲಿ ಮಗಳಿಂದ ದೂರವಾಣಿ ಬಂತು. ಕೋಳಿಗಳ ಜುಟ್ಟು ಬಿಳಿಚಿದೆ, ಹಸಿರು ಭೇದಿ, ಮೊಟ್ಟೆ ಇಳಿದಿದೆ, ನಾಲ್ಕು ಸತ್ತಿವೆ ಎಂದು. ಹಗಲು ಎಷ್ಟು ಹುಡುಕಿದರೂ ಏನೂ ಕಾಣದು. ಬೀಗಿತಿಯವರೇ ಒಂದು ರಾತ್ರಿ ಬ್ಯಾಟರಿ ಹಿಡಿದು ಒಳಗೆ ಹೋಗಿ ನಿಂತು ನೋಡಿದರು. ಗಳುಗಳ ಸೀಳುಗಳಿಂದ ಚಪ್ಪಟೆಯಾದ ಉಣ್ಣಿಗಳು ಸಾಲುಗಟ್ಟಿ ಹೊರಟು ಕೋಳಿಗಳ ಕಾಲು ಹತ್ತುತ್ತಿದ್ದವು. ಅವರಿಗೆ ಒಳಹೊಕ್ಕು ನಿಲ್ಲಲು ಆಗದಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ.

ಪಶುವೈದ್ಯರು ನೋಡಿ, ಇದು ಉಣ್ಣಿಯಿಂದ ಹರಡುವ ಸ್ಪೈರೋಕೀಟ್ ಜ್ವರವೆಂದು ಔಷಧ ಕೊಟ್ಟರು. ಉಳಿದ ಕೋಳಿಗಳು ಬದುಕಿದವು. ಈ ಕೋಳಿ ಉಣ್ಣಿಯ ಸ್ವಭಾವವನ್ನು ಎಲ್ಲರೂ ತಿಳಿದಿರಬೇಕು. ನಮ್ಮ ಕಾಡಿನ ಉಣುಗಿನಂತೆ ಇದು ದಿನಗಟ್ಟಲೆ ಮೈಗೆ ಅಂಟಿಕೊಂಡಿರುವುದಿಲ್ಲ. ಮರಿಗಳು ಮಾತ್ರ ಕೆಲವು ದಿನ ಕೋಳಿಯ ಮೈಮೇಲಿರುತ್ತವೆ. ಬೆಳೆದವು ಹಗಲು ಮರದ ಸೀಳಿನಲ್ಲಿ, ಗೋಡೆಯ ಬಿರುಕಿನಲ್ಲಿ ಅಡಗಿದ್ದು ರಾತ್ರಿ ಮಾತ್ರ ಬಂದು ರಕ್ತ ಹೀರಿ ಹಿಂತಿರುಗುತ್ತವೆ. ರಕ್ತವಿಲ್ಲದೆ ಒಂದು ವರ್ಷಕ್ಕೂ ಮಿಗಿಲಾಗಿ ಬದುಕಬಲ್ಲವು. ಒಣಹವೆಯ ಸೀಮೆ ಇವಕ್ಕೆ ಬಹಳ ಹಿತ. ಬೀಗಿತಿಯವರ ಹಿರಿಯರ ಮಾತು ಮೂಢನಂಬಿಕೆಯಲ್ಲ, ಕಂಡು ಹೇಳಿದ ಮಾತು. ನಾವು ಹೋಗಿ ಅವರ ಮುಂದೆ ನಮ್ಮ ತಪ್ಪನ್ನು ಒಪ್ಪಿಕೊಂಡೆವು.

ಆಮೇಲೆ ಮಾಡಿದ್ದು ಇಷ್ಟು. ಕೋಳಿಗಳನ್ನು ಬೇರೆಡೆಗೆ ಸಾಗಿಸಿ, ಆ ಮರವನ್ನೆಲ್ಲ ಕಿತ್ತು ಸುಟ್ಟೆವು. ಹಾಸನ್ನು ತೆಗೆದು ಸುಟ್ಟೆವು. ಕಲ್ಲುಗೋಡೆಯ ಸಂದುಗಳಿಗೆ ಕುದಿಯುವ ನೀರು ಹೊಯ್ದು, ಒಣಗಿದ ಮೇಲೆ ಸಿಮೆಂಟಿನಿಂದ ಮುಚ್ಚಿ ನುಣುಪು ಮಾಡಿ, ಎರಡು ಸಲ ಸುಣ್ಣ ಬಳಿದೆವು. ಕೋಳಿಗಳಿಗೂ ಗೂಡಿಗೂ ಹಾಕುವ ಉಣ್ಣಿಯ ಔಷಧವನ್ನು ವೈದ್ಯರು ಹೇಳಿದ ಪ್ರಮಾಣದಲ್ಲೇ ಬಳಸಿ, ಅವರು ಹೇಳಿದ ದಿನಗಳವರೆಗೆ ಮೊಟ್ಟೆ ಮಾರಲಿಲ್ಲ. ತೋಟಕ್ಕೆ ಹೊಡೆಯುವ ಔಷಧವನ್ನು ಕೋಳಿಗೆ ಹೊಡೆಯುವ ಸಾಹಸವನ್ನು ಯಾರೂ ಮಾಡಕೂಡದು.

ಅಡ್ಡಗಳು ಮತ್ತು ಮೊಟ್ಟೆಯ ಪೆಟ್ಟಿಗೆ

ಹೊಸ ಅಡ್ಡಗಳುಗಳನ್ನು ನೆಲದಿಂದೆದ್ದ ಕಬ್ಬಿಣದ ಕಾಲುಗಳ ಮೇಲೆ, ಗೋಡೆಗೆಲ್ಲೂ ತಾಗದಂತೆ ನಿಲ್ಲಿಸಿದೆವು. ಪ್ರತಿ ಕಾಲನ್ನೂ ಸುಟ್ಟ ಎಣ್ಣೆ ಹಾಕಿದ ಡಬ್ಬಿಯಲ್ಲಿಟ್ಟು, ಕೋಳಿ ಅದನ್ನು ಕುಟುಕದಂತೆ ಮೇಲೆ ಅಗಲವಾದ ತಗಡಿನ ಮುಚ್ಚಳ ಕಟ್ಟಿದೆವು. ಉಣ್ಣಿ ಇದನ್ನು ದಾಟಲಾರದು.

ಒಂದು ಕೋಳಿಗೆ 8 ಅಂಗುಲ ಜಾಗದಂತೆ 25 ಕೋಳಿಗಳಿಗೆ ಸುಮಾರು 17 ಅಡಿ ಗಳು ಬೇಕು. ಏಳೂವರೆ ಅಡಿಯ ಮೂರು ಗಳುಗಳು ಸಾಕಾಗಿ ಸ್ವಲ್ಪ ಮಿಗುತ್ತದೆ. ನೆಲದಿಂದ ಎರಡೂವರೆ ಅಡಿ ಎತ್ತರ, ಒಂದಕ್ಕೊಂದು ಒಂದೂಕಾಲು ಅಡಿ ದೂರ. ಮೂರನ್ನೂ ಒಂದೇ ಮಟ್ಟದಲ್ಲಿ ಇಡಿ, ಮೇಲೆ ಕೆಳಗೆ ಇಟ್ಟರೆ ಎಲ್ಲವೂ ಮೇಲಿನದಕ್ಕೇ ಕಾದಾಡುತ್ತವೆ. ಗಳುವಿನ ಅಗಲ ಎರಡು ಅಂಗುಲ, ಅಂಚು ಉಜ್ಜಿ ನುಣುಪಾಗಿಸಿದ್ದು, ಸೀಳಿಲ್ಲದ್ದು. ನಮ್ಮ ಕಡೆ ಅಡಿಕೆ ದಬ್ಬೆ ಬಳಸುವವರು ಅದರ ನಾರಿನ ಸೀಳುಗಳಲ್ಲಿ ನುಸಿ ಸೇರುವುದೆಂಬುದನ್ನು ನೆನಪಿಟ್ಟು, ಹೊರಮೈಯನ್ನು ಮೇಲೆ ಮಾಡಿ ಹಾಕಿ, ವರ್ಷಕ್ಕೊಮ್ಮೆ ಬದಲಿಸತಕ್ಕದ್ದು.

ಮೊಟ್ಟೆಯಿಡಲು ನಾಲ್ಕೈದು ಕೋಳಿಗೆ ಒಂದು ಪೆಟ್ಟಿಗೆಯ ಲೆಕ್ಕ. ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ನಾವು ಕೊನೆಗೆ ಬಿದಿರಿನ ಹಳೆಯ ಮಂಕರಿಗಳನ್ನು ಕುದಿನೀರಲ್ಲಿ ಅದ್ದಿ ಒಣಗಿಸಿ, ಆರನ್ನು ಸಾಲಾಗಿ ಇಟ್ಟೆವು. ಇವು ಅಡ್ಡಗಳುಗಳಿಗಿಂತ ತಗ್ಗಿನಲ್ಲಿರಬೇಕು. ಎತ್ತರದಲ್ಲಿದ್ದರೆ ಕೋಳಿಗಳು ರಾತ್ರಿ ಅಲ್ಲಿಯೇ ಮಲಗಿ ಮೊಟ್ಟೆಯನ್ನು ಹೊಲಸು ಮಾಡುತ್ತವೆ.

ಕೆಲಸ ಮುಗಿದ ದಿನ ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ನೆಲವೆಲ್ಲ ಎಳೆದೆವು. ಒಂದು ಬೊಗಸೆ ಮೊಳೆಯ ತಲೆ, ತಂತಿಯ ಚೂರು ಬಂತು. ಹೊಳೆಯುವ ಚೂರನ್ನು ಕೋಳಿ ಕಾಳೆಂದು ನುಂಗಿಬಿಡುತ್ತದೆ.

ನೆಲದ ಹಾಸು, ನೀರು, ಸೆಖೆ

ಹಾಸಿಗೆ ಚೋರನೂರಿನಲ್ಲಿ ಶೇಂಗಾ ಸಿಪ್ಪೆ, ನಮ್ಮಲ್ಲಿ ಭತ್ತದ ಉಮಿ ಅಥವಾ ಚೆನ್ನಾಗಿ ಒಣಗಿದ ಕಾಫಿ ಸಿಪ್ಪೆ ಬಳಸಬಹುದು. ಯಾವುದೇ ಆದರೂ ಬೂಷ್ಟು ಹಿಡಿದಿರಬಾರದು. ಬೂಷ್ಟಿನ ಧೂಳಿನಿಂದ ಕೋಳಿಗೆ ಶ್ವಾಸಕೋಶದ ರೋಗ ಬರುತ್ತದೆ. ಮೊದಲು ನಾಲ್ಕು ಅಂಗುಲ ಹಾಕಿ, ವಾರಕ್ಕೆರಡು ಸಲ ತಿರುವಬೇಕು. ಒಂದು ಹಿಡಿ ತೆಗೆದು ಹಿಸುಕಿ ನೋಡಿ. ಉಂಡೆಯಾಗಿ ನಿಂತರೆ ನೀರು ಹೆಚ್ಚಾಗಿದೆ. ಆ ಭಾಗವನ್ನು ತೆಗೆದು ಒಣಹಾಸು ಹಾಕಿ. ಉದುರಿದರೆ ಸರಿಯಾಗಿದೆ. ಒಳಹೊಕ್ಕಾಗ ಕಣ್ಣು ಉರಿದರೆ ಕೋಳಿಗೂ ಉರಿಯುತ್ತಿದೆಯೆಂದೇ ತಿಳಿಯಬೇಕು. ತೆಗೆದ ಹಾಸನ್ನು ಹಸಿಯಾಗಿ ಅಡಿಕೆ, ಕಾಫಿ ಬುಡಕ್ಕೆ ಹಾಕಿದರೆ ಬೇರು ಸುಡುತ್ತದೆ. ಸೊಪ್ಪು, ಸಗಣಿಯೊಂದಿಗೆ ಗುಂಡಿಯಲ್ಲಿ ಕೊಳೆಸಿ ಹಾಕಿದರೆ ಒಳ್ಳೆಯ ಗೊಬ್ಬರ.

25 ಕೋಳಿಗೆ ಸಾಧಾರಣ ದಿನಗಳಲ್ಲಿ ಆರೇಳು ಲೀಟರ್ ನೀರು ಬೇಕು. ಬೇಸಿಗೆಯಲ್ಲಿ ಇದರ ಎರಡರಷ್ಟು ಇಡಬೇಕು. ಮಣ್ಣಿನ ಪಾತ್ರೆ ಉತ್ತಮ. ಚೋರನೂರಿನ ಒಣಗಾಳಿಯಲ್ಲಿ ಏಪ್ರಿಲ್, ಮೇ ತಿಂಗಳಿನಲ್ಲಿ ಗಾಳಿ ಬರುವ ಕಡೆಗೆ ಗೋಣಿತಾಟು ಇಳಿಬಿಟ್ಟು ನೀರು ಚಿಮುಕಿಸಿದರೆ ಒಳಗೆ ಚೆನ್ನಾಗಿ ತಂಪಾಗುತ್ತದೆ. ನಮ್ಮ ಕಡೆಯ ತೇವದ ಗಾಳಿಯಲ್ಲಿ ಈ ಉಪಾಯ ನಡೆಯುವುದಿಲ್ಲ. ನೀರು ಆರುವುದೇ ಇಲ್ಲವಾದ್ದರಿಂದ ಸೆಖೆ ಇಮ್ಮಡಿಯಾಗುತ್ತದೆ. ಮಲೆನಾಡಿನಲ್ಲಿ ಬೇಕಾದದ್ದು ಗಾಳಿಯ ಸಂಚಾರ ಮತ್ತು ಒಣಗಿದ ನೆಲ. ಅದಕ್ಕಾಗಿ ನೆಲವನ್ನು ಅಂಗಳಕ್ಕಿಂತ ಒಂದೂವರೆ ಅಡಿ ಎತ್ತರಿಸಿ, ಸುತ್ತ ಚರಂಡಿ ತೋಡಿ.

ರೋಗದ ಬಗ್ಗೆ ಎರಡು ಮಾತು

ಎಷ್ಟು ಒಳ್ಳೆಯ ಮನೆ ಕಟ್ಟಿದರೂ ಲಸಿಕೆಗೆ ಅದು ಬದಲಿಯಲ್ಲ. ಕೊಕ್ಕರೆ ರೋಗಕ್ಕೆ, ಅಂದರೆ ರಾಣಿಖೇತಕ್ಕೆ, ಮರಿಯ ಐದರಿಂದ ಏಳನೆಯ ದಿನದಲ್ಲಿ ಕಣ್ಣು ಮೂಗಿಗೆ ಹನಿ ಲಸಿಕೆ, ಆರರಿಂದ ಎಂಟು ವಾರದಲ್ಲಿ ಚುಚ್ಚುಮದ್ದು ಹಾಕಿಸಬೇಕು. ಪಶು ಆಸ್ಪತ್ರೆಯಲ್ಲಿ ವಿಚಾರಿಸಿ ನೆರೆಹೊರೆಯವರೆಲ್ಲ ಒಂದೇ ದಿನ ಹಾಕಿಸಿದರೆ ಅನುಕೂಲ.

2025ರ ಆರಂಭದ ತಿಂಗಳುಗಳಲ್ಲಿ ಅದೇ ಸಂಡೂರು ತಾಲ್ಲೂಕಿನ ಕುರೇಕುಪ್ಪದಲ್ಲಿ ಹಕ್ಕಿಜ್ವರ ದೃಢಪಟ್ಟಿತ್ತು. ಕಾಡುಹಕ್ಕಿಗಳ ಹಿಕ್ಕೆಯಿಂದಲೂ ಮನುಷ್ಯರ ಚಪ್ಪಲಿ, ಬುಟ್ಟಿ, ವಾಹನಗಳಿಂದಲೂ ಈ ರೋಗ ಹರಡಬಲ್ಲದು. ಮೇಲೆ ಮಾಡು, ಸುತ್ತ ಜಾಲರಿ ಇರುವ ಮನೆಯಿದ್ದರೆ ಅಂಥ ಕಾಲದಲ್ಲಿ ಕೋಳಿಗಳನ್ನು ಒಳಗೇ ಇಡಬಹುದು. ಒಳಗೆ ಹೋಗಲು ಬೇರೆಯೇ ಒಂದು ಜೊತೆ ಚಪ್ಪಲಿಯನ್ನು ಬಾಗಿಲಲ್ಲಿಡಿ. ಹೊಸದಾಗಿ ಕೊಂಡ ಕೋಳಿಯನ್ನು ಎರಡು ವಾರ ಬೇರೆ ಇಟ್ಟು ನೋಡಿ ಆಮೇಲೆ ಸೇರಿಸಿ. ಒಮ್ಮೆಗೇ ಹಲವು ಕೋಳಿಗಳು ಸತ್ತರೆ ಮುಟ್ಟದೆ, ಮಾರದೆ, ಹಳ್ಳಕ್ಕೆ ಎಸೆಯದೆ ಪಶುಪಾಲನಾ ಇಲಾಖೆಗೆ ತಿಳಿಸಬೇಕು.

ಕೊನೆಯದಾಗಿ

ಈಗ ಆ ಕೋಳಿಮನೆಗೆ ಒಂದು ವರ್ಷ ದಾಟಿದೆ. ಕಾಡುಬೆಕ್ಕು ಎರಡು ಸಲ ಬಂದು ಚಪ್ಪಡಿಯ ಅಂಚಿನಲ್ಲಿ ಕೆರೆದು ಹೋದ ಗುರುತಿದೆ, ಒಳಗೆ ಬರಲಾಗಿಲ್ಲ. ಈ ಬೇಸಿಗೆಯಲ್ಲಿ ಸೆಖೆಯಿಂದ ಒಂದು ಕೋಳಿಯೂ ಸಾಯಲಿಲ್ಲ. ಬೀಗಿತಿಯವರು ಬಾಕಿಬಿದ್ದ ಕಂತುಗಳನ್ನು ತೀರಿಸಿ, ಮೊನ್ನೆ ಮರಿ ಕೊಳ್ಳಲು ತಾವೇ ಮತ್ತೆ ಸಾಲ ತೆಗೆದರಂತೆ. ದಿನವೂ ರಾತ್ರಿ ಎಂಟಕ್ಕೆ ಬ್ಯಾಟರಿ ಹಿಡಿದು ಒಳಗೆ ಹೋಗಿ, ಕೋಳಿಗಳನ್ನು ಎಣಿಸಿ, ಗಳುಗಳ ಅಡಿಗೆ ಬೆಳಕು ಹಾಯಿಸಿ ನೋಡಿಯೇ ಚಿಲಕ ಹಾಕುತ್ತಾರೆ. ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣದಾದ್ದರಿಂದ ಹಿಡಿದು ಪರೀಕ್ಷಿಸಲು ಅದೇ ತಕ್ಕ ಹೊತ್ತು. ಈ ಕ್ರಮವನ್ನು ನಮ್ಮ ಮನೆಯಲ್ಲೂ ಈಗ ಪಾಲಿಸುತ್ತಿದ್ದೇವೆ.

ನಮ್ಮ ಸದಸ್ಯರಲ್ಲಿ ಕೋಳಿಮನೆ ಕಟ್ಟಬಯಸುವವರು ಮೊದಲು ತಮ್ಮ ಮನೆಯಲ್ಲಿ ಕೋಳಿಯ ಕೆಲಸ ಮಾಡುವವರನ್ನು ಕೂರಿಸಿಕೊಂಡು, ಎತ್ತರವೆಷ್ಟು ಬೇಕು, ಬಾಗಿಲು ಎಲ್ಲಿರಬೇಕು, ಯಾವ ಸಾಮಾನು ಬೇಡ ಎಂಬುದನ್ನು ಕೇಳಿ ಬರೆದುಕೊಳ್ಳಿ. ಬಿಚ್ಚಿದ ಹೆಂಚು, ಪೈಪು, ತೊಲೆಗಳು ಹೆಚ್ಚಾಗಿರುವ ಸದಸ್ಯರು ಸಂಘದ ಕಛೇರಿಯಲ್ಲಿ ತಿಳಿಸಿದರೆ, ಬೇಕಾದವರಿಗೆ ಹೇಳಲು ಒಂದು ಪಟ್ಟಿ ಇಡುತ್ತೇವೆ. ವೆಲ್ಡ್ ಜಾಲರಿ ಬೇಕಾದವರು ಮಳೆಗಾಲಕ್ಕೆ ಮುಂಚೆ ಹೆಸರು ಕೊಟ್ಟರೆ, ಒಟ್ಟಾಗಿ ತರಿಸಿ ಕೊಂಡ ಬೆಲೆಗೇ ಹಂಚುವ ವ್ಯವಸ್ಥೆ ಮಾಡೋಣ.